19ರಲ್ಲಿ ಮಾಡಿದ ತಪ್ಪು, 33ರಲ್ಲಿ ಅಜ್ಜಿಯ ಕರೆ: ಕ್ಯಾಲಿಫೋರ್ನಿಯಾದಲ್ಲಿ ಅಪರಾಧದ ದಾಖಲೆ ತೆಗೆಸಿದರೆ ಊರಿಗೆ ಹೋಗಿಬರಬಹುದೇ?

ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಮೂರು ಸಲ ಬರೆದು ಅಳಿಸಿ, ಈಗ ಧೈರ್ಯ ಮಾಡಿದ್ದೇನೆ.

ನಾವು ಸಕಲೇಶಪುರದ ಕಡೆಯವರು. 2001ರಲ್ಲಿ ಯಜಮಾನರ ಕೆಲಸದ ವೀಸಾದ ಮೇಲೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದೆವು. ಮಗನಿಗೆ ಆಗ ಒಂಬತ್ತು. 2008ರಲ್ಲಿ ಎಲ್ಲರಿಗೂ ಗ್ರೀನ್ ಕಾರ್ಡ್ ಬಂತು. 2011ರ ಅಕ್ಟೋಬರ್‌ನಲ್ಲಿ, ಅವನು ಕಾಲೇಜಿನ ಎರಡನೇ ವರ್ಷದಲ್ಲಿದ್ದಾಗ, ಇಬ್ಬರು ಗೆಳೆಯರ ಜೊತೆ ಮುಚ್ಚಿದ್ದ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರ ಹಿಂಬಾಗಿಲಿನಿಂದ ರಾತ್ರಿ ಒಳಗೆ ನುಗ್ಗಿದ. ಮೂರು ಲ್ಯಾಪ್‌ಟಾಪ್, ಒಂದು ಕ್ಯಾಮೆರಾ ಎತ್ತಿಕೊಂಡು ಬಂದರು. ನಾಲ್ಕನೇ ದಿನ ಪೊಲೀಸರು ಮನೆಗೆ ಬಂದರು. ನಾನು ಆಗ ದೋಸೆ ಹುಯ್ಯುತ್ತಿದ್ದೆ. ಹಂಚಿನ ಮೇಲಿದ್ದ ದೋಸೆ ಸುಟ್ಟು ಕರಕಲಾದ ವಾಸನೆ ಇವತ್ತಿಗೂ ಮೂಗಿನಲ್ಲಿದೆ.

ನ್ಯಾಯಾಲಯ ಕೊಟ್ಟ ವಕೀಲರು ತಪ್ಪೊಪ್ಪಿಕೊಳ್ಳಲು ಹೇಳಿದರು. ಎರಡನೇ ದರ್ಜೆಯ ಬರ್ಗ್ಲರಿ (ಕನ್ನಗಳವು), ಫೆಲನಿ ಅಂದರೆ ಗಂಭೀರ ಅಪರಾಧ ಎಂದು ದಾಖಲಾಯಿತು. 90 ದಿನ ಕೌಂಟಿ ಜೈಲು, ಮೂರು ವರ್ಷ ಪ್ರೊಬೇಷನ್ (ಹೊರಗಿದ್ದರೂ ನ್ಯಾಯಾಲಯದ ನಿಗಾದಲ್ಲಿರುವುದು), ಅಂಗಡಿಯವರಿಗೆ ನಷ್ಟ ಪರಿಹಾರ. ನಮ್ಮ ಹತ್ತಿರದ ಡಬ್ಲಿನ್‌ನ ಸಾಂಟಾ ರೀಟಾ ಜೈಲಿಗೆ ನಾನು ಏಳು ಸಲ ಹೋಗಿ ಮಗನನ್ನು ನೋಡಿ ಬಂದೆ. ಊರಿನಲ್ಲಿ ಇದು ಯಾರಿಗೂ ಗೊತ್ತಿಲ್ಲ. ನಮ್ಮ ಅಮ್ಮನಿಗೂ ಗೊತ್ತಿಲ್ಲ.

ಈಗ ಅವನಿಗೆ 33. ಅಂದಿನಿಂದ ಒಂದು ವೇಗಮಿತಿಯ ದಂಡವನ್ನೂ ಕಟ್ಟಿದವನಲ್ಲ. ಎರಡು ಒಳ್ಳೆಯ ಕೆಲಸಗಳು ಕೈಗೆ ಬಂದು, ಹಿನ್ನೆಲೆ ಪರಿಶೀಲನೆಯಾದ ಮೇಲೆ ಜಾರಿ ಹೋದವು. ಅಮ್ಮನಿಗೆ 86 ವರ್ಷ, ಹಾಸಿಗೆ ಹಿಡಿದಿದ್ದಾರೆ. ಪ್ರತಿ ಭಾನುವಾರ ಫೋನಿನಲ್ಲಿ, "ಪುಟ್ಟ ಯಾವಾಗ ಬರುತ್ತಾನೆ?" ಎಂದು ಕೇಳುತ್ತಾರೆ. 2010ರ ಬೇಸಿಗೆಯ ನಂತರ ಅವನು ಊರು ನೋಡಿಲ್ಲ. ಅಜ್ಜಿಗೆ ಯಾವ ಮುಖ ತೋರಿಸಲಿ ಎನ್ನುತ್ತಾನೆ.

ಪರಿಚಯದವರೊಬ್ಬರು, "ಒಂದು ಅರ್ಜಿ ಹಾಕಿ ದಾಖಲೆ ತೆಗೆಸಿಬಿಡಿ, ಆಮೇಲೆ ಡಿಸೆಂಬರ್‌ಗೆ ಟಿಕೆಟ್ ಮಾಡಿಸಿ" ಎಂದರು. ಇದು ಅಷ್ಟು ಸುಲಭವೇ? ತಿಳಿದವರು ದಯವಿಟ್ಟು ಹೇಳಿ.

ಶರಾವತಿ

ಅಕ್ಕ, ನಾನು ವಕೀಲಳಲ್ಲ. ಓಕ್ಲೆಂಡ್‌ನಲ್ಲಿ ಇಂಥ ಅರ್ಜಿ ತುಂಬಿಸಿಕೊಡುವ ಶಿಬಿರಗಳಲ್ಲಿ ಹನ್ನೊಂದು ವರ್ಷ ಸ್ವಯಂಸೇವಕಿಯಾಗಿ ಕುಳಿತಿದ್ದೇನೆ. ಒಂದೇ ಒಂದು ಪ್ರಶ್ನೆಗೆ ಮೊದಲು ಉತ್ತರ ಕೊಡಿ. ನಿಮ್ಮ ಮಗ ಇವತ್ತು ಅಮೆರಿಕದ ಪ್ರಜೆಯೇ, ಅಥವಾ ಇನ್ನೂ ಗ್ರೀನ್ ಕಾರ್ಡಿನಲ್ಲೇ ಇದ್ದಾನೆಯೇ? ಅದು ತಿಳಿಯುವವರೆಗೆ ಟಿಕೆಟ್ ಕೊಳ್ಳಬೇಡಿ.

ಹೇಮಾವತಿ ದಂಡೆ

ಗ್ರೀನ್ ಕಾರ್ಡಿನಲ್ಲೇ ಇದ್ದಾನೆ. ನಾವಿಬ್ಬರೂ 2014ರಲ್ಲಿ ಪ್ರಜೆಗಳಾದೆವು. ಅವನಿಗೆ ಆಗ 22. ಅವನ ಪಾಸ್‌ಪೋರ್ಟ್ ಈಗಲೂ ಭಾರತದ್ದೇ. 2018ರಲ್ಲಿ ಕಾರ್ಡು ನವೀಕರಣವಾಯಿತು, ಬೆರಳಚ್ಚನ್ನೂ ತೆಗೆದುಕೊಂಡರು, ಯಾರೂ ಏನೂ ಕೇಳಲಿಲ್ಲ.

ಕೊಲ್ಲಿಯ ಕನ್ನಡಿಗ

ನವೀಕರಣದಲ್ಲಿ ಏನೂ ಆಗಲಿಲ್ಲ ಎಂದ ಮೇಲೆ ಹೆದರಿಕೆ ಏಕೆ ಅಮ್ಮ? ಐದು ವರ್ಷದ ನಡತೆ ಚೆನ್ನಾಗಿದ್ದರೆ ಪೌರತ್ವ ಕೊಡುತ್ತಾರೆ. ನಿಮ್ಮ ಮಗನದು ಹದಿನಾಲ್ಕು ವರ್ಷ ಹಳೆಯ ಮಾತು. ಈಗಲೇ ಪೌರತ್ವದ ಅರ್ಜಿ ಹಾಕಿಸಿ. ಪ್ರಜೆಯಾದ ಮೇಲೆ ಎಲ್ಲಿಗೆ ಬೇಕಾದರೂ ಹೋಗಲಿ.

ಶರಾವತಿ

ಕೊಲ್ಲಿಯ ಕನ್ನಡಿಗ ಅವರೇ, ನಿಮ್ಮ ಮನಸ್ಸು ಒಳ್ಳೆಯದು. ಆದರೆ ಈ ಸಲಹೆಯನ್ನು ಪಾಲಿಸಿ ಮನೆಯ ಮಗನನ್ನು ಗಡೀಪಾರಿನ ಕಟಕಟೆಯಲ್ಲಿ ನಿಲ್ಲಿಸಿಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪೌರತ್ವದ ಅರ್ಜಿ ಎಂದರೆ ನಮ್ಮ ಕಡತವನ್ನು ನಾವೇ ಅಧಿಕಾರಿಯ ಮೇಜಿನ ಮೇಲೆ ಬಿಚ್ಚಿಟ್ಟಂತೆ. ಅಳಿಸಿದ, ಮುದ್ರೆ ಹಾಕಿ ಮುಚ್ಚಿದ ಪ್ರಕರಣಗಳನ್ನೂ ಆ ಅರ್ಜಿಯಲ್ಲಿ ಹೇಳಲೇಬೇಕು. ಹೇಳದಿದ್ದರೆ ಸುಳ್ಳು ಹೇಳಿದ ತಪ್ಪು ಬೇರೆ. ಕಡತ ಬಿಚ್ಚುವ ಮೊದಲು ಒಳಗೆ ಏನಿದೆ ಎಂದು ನಮಗೆ ಗೊತ್ತಿರಬೇಕು.

ಅಕ್ಕ, ನಿಧಾನವಾಗಿ ಓದಿ, ಉದ್ದ ಬರೆಯುತ್ತಿದ್ದೇನೆ.

ತಂದೆ ಅಥವಾ ತಾಯಿ ಪ್ರಜೆಯಾದಾಗ ಗ್ರೀನ್ ಕಾರ್ಡ್ ಇರುವ ಮಗು 18ರ ಒಳಗಿದ್ದು ಅವರ ಜೊತೆಯಲ್ಲೇ ವಾಸವಿದ್ದರೆ ತಾನಾಗಿ ಪ್ರಜೆಯಾಗುತ್ತದೆ. 2001ರ ಫೆಬ್ರುವರಿಯಿಂದ ಈ ಕಾನೂನಿದೆ. ನಿಮ್ಮ ಮಗನಿಗೆ ಆ ಬಾಗಿಲು ನಾಲ್ಕು ವರ್ಷದ ಅಂತರದಲ್ಲಿ ಮುಚ್ಚಿಹೋಯಿತು. ಆದ್ದರಿಂದ ಅವನು ಇಬ್ಬರು ಯಜಮಾನರಿಗೆ ಲೆಕ್ಕ ಕೊಡಬೇಕು. ಒಬ್ಬರು ಕ್ಯಾಲಿಫೋರ್ನಿಯಾ ರಾಜ್ಯ. ಇನ್ನೊಬ್ಬರು ಕೇಂದ್ರದ ವಲಸೆ ಇಲಾಖೆ.

ರಾಜ್ಯ ಉದಾರವಾಗಿದೆ. ನಿಮ್ಮ ಪರಿಚಯದವರು ಹೇಳಿದ ಅರ್ಜಿ ಇಲ್ಲಿನ ದಂಡ ಸಂಹಿತೆಯ 1203.4ನೇ ಕಲಮಿನದು. ಪ್ರೊಬೇಷನ್ ಮುಗಿಸಿದವರು ಹಳೆಯ ತಪ್ಪೊಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು, ನ್ಯಾಯಾಧೀಶರು ಪ್ರಕರಣವನ್ನು ವಜಾ ಮಾಡುತ್ತಾರೆ. ಎಲ್ಲರೂ ಇದನ್ನು 'ಅಳಿಸುವುದು' ಎನ್ನುತ್ತಾರೆ. ನಿಜವಾಗಿ ಏನೂ ಅಳಿಯುವುದಿಲ್ಲ. ದಾಖಲೆ ಅಲ್ಲೇ ಇರುತ್ತದೆ, ಅದರ ಕೊನೆಗೆ 'ವಜಾ' ಎಂಬ ಸಾಲು ಸೇರುತ್ತದೆ. ಖಾಸಗಿ ಕೆಲಸಕ್ಕೆ ಇದರಿಂದ ಬಹಳ ಉಪಯೋಗವಿದೆ.

ವಲಸೆ ಇಲಾಖೆ ಮಾತ್ರ ಆ ಸಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ತಪ್ಪೊಪ್ಪಿಕೊಂಡು ಏನಾದರೂ ಶಿಕ್ಷೆಯಾಗಿದ್ದರೆ ಅವರ ಕಾನೂನಿನಲ್ಲಿ ಅದು ಅಪರಾಧ ಸಾಬೀತಾದಂತೆಯೇ. ಆಮೇಲೆ ರಾಜ್ಯ ಕರುಣೆ ತೋರಿಸಿ ವಜಾ ಮಾಡಿದರೂ ಅವರಿಗೆ ಸಂಬಂಧವಿಲ್ಲ. ಗ್ರೀನ್ ಕಾರ್ಡಿನವರು ವಿದೇಶದಿಂದ ಹಿಂದಿರುಗುವಾಗ ಸಾಮಾನ್ಯವಾಗಿ ಹೊಸಬರಂತೆ ತಪಾಸಣೆಗೆ ಒಳಗಾಗುವುದಿಲ್ಲ. ಆದರೆ ಕಳ್ಳತನದಂಥ, ನೈತಿಕ ಅಧಃಪತನದ್ದು ಎನ್ನಿಸಿಕೊಳ್ಳುವ ಅಪರಾಧ ದಾಖಲೆಯಲ್ಲಿದ್ದರೆ ಅವರನ್ನು ಹೊಸದಾಗಿ ಪ್ರವೇಶ ಬೇಡುವವರಂತೆ ನೋಡಬಹುದು. ನಿಮ್ಮ ಮಗ ನಾಚಿಕೆಯಿಂದ ಊರಿಗೆ ಹೋಗದೆ ಉಳಿದನಲ್ಲ, ಆ ನಾಚಿಕೆಯೇ ಇಷ್ಟು ವರ್ಷ ಅವನನ್ನು ಕಾಪಾಡಿರಬಹುದು. 2018ರಲ್ಲಿ ಯಾರೂ ಕೇಳಲಿಲ್ಲ ಎಂಬುದನ್ನು ನಂಬಿಕೊಂಡು ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ನಿಲ್ಲಬೇಡಿ.

ಈಗ ಆಶಾದಾಯಕವಾದ ಮಾತು. ನಿಮ್ಮ ಪರಿಚಯದವರು ಹೇಳದೆ ಬಿಟ್ಟ ಇನ್ನೊಂದು ಕಲಮಿದೆ, 17(ಬಿ). ಕೆಲವು ಅಪರಾಧಗಳನ್ನು ಇಲ್ಲಿ ವಾಬ್ಲರ್ ಎನ್ನುತ್ತಾರೆ. ಫೆಲನಿಯ ಕಡೆಗೂ ತೂಗಬಹುದು, ಅದಕ್ಕಿಂತ ಕೆಳಗಿನ ಮಿಸ್ಡಿಮೀನರ್ ಕಡೆಗೂ ತೂಗಬಹುದು. ಅಂಗಡಿಗೆ ನುಗ್ಗಿದ ಎರಡನೇ ದರ್ಜೆಯ ಬರ್ಗ್ಲರಿ ಅಂಥದ್ದು. ಮನೆಗೆ ನುಗ್ಗಿದ್ದರೆ ಅದು ಮೊದಲ ದರ್ಜೆ, ಈ ಅವಕಾಶವೇ ಇರುತ್ತಿರಲಿಲ್ಲ. ಅವನನ್ನು ರಾಜ್ಯದ ಸೆರೆಮನೆಗೆ ಕಳುಹಿಸದೆ ಪ್ರೊಬೇಷನ್ ಕೊಟ್ಟಿದ್ದರಿಂದ, ಇಷ್ಟು ವರ್ಷದ ನಂತರವೂ ಆ ಫೆಲನಿಯನ್ನು ಮಿಸ್ಡಿಮೀನರ್‌ಗೆ ಇಳಿಸಿ ಎಂದು ನ್ಯಾಯಾಧೀಶರನ್ನು ಕೇಳಬಹುದು.

ಇಳಿಸಿದರೆ ವಲಸೆಯವರಿಗೂ ಅದು ಅನ್ವಯಿಸುತ್ತದೆ. ಕೇಂದ್ರದ ಕಾನೂನಿನಲ್ಲಿ ಸಣ್ಣ ಅಪರಾಧದ ವಿನಾಯಿತಿ ಎಂದೊಂದಿದೆ. ಇಡೀ ಜೀವನದಲ್ಲಿ ಇಂಥ ಅಪರಾಧ ಒಂದೇ ಆಗಿರಬೇಕು, ಅದಕ್ಕೆ ಇರುವ ಗರಿಷ್ಠ ಶಿಕ್ಷೆ ಒಂದು ವರ್ಷವನ್ನು ಮೀರಿರಬಾರದು, ನ್ಯಾಯಾಲಯ ವಿಧಿಸಿದ್ದು ಆರು ತಿಂಗಳನ್ನು ಮೀರಿರಬಾರದು. ಫೆಲನಿಯಾಗಿ ಉಳಿದರೆ ಗರಿಷ್ಠ ಶಿಕ್ಷೆ ಒಂದು ವರ್ಷವನ್ನು ಮೀರುತ್ತದೆ, ವಿನಾಯಿತಿ ಕೈತಪ್ಪುತ್ತದೆ. ಮಿಸ್ಡಿಮೀನರ್ ಆದರೆ ಗರಿಷ್ಠ ಒಂದು ವರ್ಷದೊಳಗೆ ಬರುತ್ತದೆ, ಅವನಿಗೆ ವಿಧಿಸಿದ್ದು 90 ದಿನ. ಅಕ್ಕ, ನೀವು ಕೇಳಿದ 1203.4ಕ್ಕಿಂತ ಈ 17(ಬಿ) ನಿಮಗೆ ಹತ್ತು ಪಟ್ಟು ಮುಖ್ಯ. ಎರಡನ್ನೂ ಒಂದೇ ನಮೂನೆಯಲ್ಲಿ ಕೇಳಬಹುದು, ಅದರ ಹೆಸರು ಸಿಆರ್-180.

ಆದರೂ ನನ್ನ ಮಾತನ್ನೇ ನೆಚ್ಚಿಕೊಂಡು ಹೊರಡಬೇಡಿ. ಅಪರಾಧ ಕಾನೂನೂ ವಲಸೆ ಕಾನೂನೂ ಎರಡೂ ಗೊತ್ತಿರುವ ವಕೀಲರನ್ನೇ ಕಾಣಿ. ಒಂದು ಮಾತ್ರ ತಿಳಿದವರು ಇನ್ನೊಂದನ್ನು ಕೆಡಿಸುತ್ತಾರೆ.

ಕೊಲ್ಲಿಯ ಕನ್ನಡಿಗ

ನನ್ನ ಸಲಹೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅಮ್ಮ, ಕ್ಷಮಿಸಿ. ಒಂದು ಸಂದೇಹ: 2014ರ ನವೆಂಬರ್‌ನಲ್ಲಿ ಜನ ಮತ ಹಾಕಿ ಒಪ್ಪಿದ 47ನೇ ಪ್ರಸ್ತಾವದಲ್ಲಿ 950 ಡಾಲರಿಗೆ ಮೀರದ ಕಳವುಗಳೆಲ್ಲ ಮಿಸ್ಡಿಮೀನರ್ ಆದವಲ್ಲ, ಅದು ಇಲ್ಲಿ ಬರುವುದಿಲ್ಲವೇ?

ಶರಾವತಿ

ಬರುವುದಿಲ್ಲ. ಆ ಪ್ರಸ್ತಾವ ಅಂಗಡಿ ನುಗ್ಗಿದ್ದನ್ನು ಸಣ್ಣ ಕಳವು ಎಂದು ಕರೆಯುವುದು ವ್ಯಾಪಾರದ ಹೊತ್ತಿನಲ್ಲಿ, ಬಾಗಿಲು ತೆರೆದಿದ್ದಾಗ ಒಳಗೆ ಹೋಗಿದ್ದರೆ ಮಾತ್ರ. ಇವರು ಹೋದದ್ದು ರಾತ್ರಿ, ಮುಚ್ಚಿದ ಅಂಗಡಿಗೆ. ಮೂರು ಲ್ಯಾಪ್‌ಟಾಪಿನ ಬೆಲೆಯೂ 950 ದಾಟುತ್ತದೆ.

ತಕ್ಕಡಿ

ನಾನು ಯಾರನ್ನೂ ನೋಯಿಸಲು ಬರೆಯುತ್ತಿಲ್ಲ. ಆದರೆ ಮೇಲಿನದನ್ನೆಲ್ಲ ಓದಿ ಸುಮ್ಮನಿರಲಾಗಲಿಲ್ಲ. ನನಗೆ ಸ್ಯಾನ್ ಹೋಸೆ ಬಳಿ ಒಂದು ಸಣ್ಣ ದಿನಸಿ ಅಂಗಡಿಯಿದೆ. ಎರಡು ಸಲ ಕನ್ನ ಹಾಕಿದ್ದಾರೆ. ಎರಡನೇ ಸಲ ಆದಮೇಲೆ ನನ್ನ ಹೆಂಡತಿ ಒಂದು ವರ್ಷ ಸಂಜೆಯ ಹೊತ್ತು ಗಲ್ಲಾಪೆಟ್ಟಿಗೆಯ ಮುಂದೆ ಒಬ್ಬಳೇ ಕೂರಲಿಲ್ಲ. ಯಾವ ನ್ಯಾಯಾಲಯವೂ ಅವಳ ಆ ಹೆದರಿಕೆಯನ್ನು ಅಳಿಸಿಕೊಡಲಿಲ್ಲ. ಇಲ್ಲಿ ಎಲ್ಲರೂ ಆ ಹುಡುಗನ ದಾಖಲೆಯ ಬಗ್ಗೆ ಮಾತನಾಡುತ್ತಿದ್ದೀರಿ. ಆ ಅಂಗಡಿಯವರ ಬಗ್ಗೆ ಒಂದು ಸಾಲೂ ಇಲ್ಲ.

ಹೇಮಾವತಿ ದಂಡೆ

ತಕ್ಕಡಿ ಅವರೇ, ನೀವು ಬರೆದದ್ದು ನ್ಯಾಯವಾಗಿದೆ. ನಾನು ತಾಯಿ, ನನ್ನ ಕಣ್ಣು ಮೊದಲು ಮಗನ ಮೇಲೆಯೇ ಬೀಳುತ್ತದೆ.

ನಷ್ಟ ಪರಿಹಾರ 4,300 ಡಾಲರ್ ಎಂದು ಗೊತ್ತುಮಾಡಿದ್ದರು. ಯಜಮಾನರು ಒಂದೇ ಸಲಕ್ಕೆ ಕಟ್ಟಲು ಹೊರಟರು. ಮಗ ಒಪ್ಪಲಿಲ್ಲ. ರಾತ್ರಿ ಪಾಳಿಯಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು, 26 ತಿಂಗಳು ತಾನೇ ಕಟ್ಟಿ ತೀರಿಸಿದ. ಆ ರಸೀದಿಗಳೆಲ್ಲ ನನ್ನ ಬಳಿ ಇವೆ. ಆ ಅಂಗಡಿಯ ಯಜಮಾನರು ವಯಸ್ಸಾದ ವಿಯೆಟ್ನಾಮಿ ದಂಪತಿ. ತೀರ್ಪಿನ ದಿನ ಆ ಹೆಂಗಸು ನ್ಯಾಯಾಲಯಕ್ಕೆ ಬಂದಿದ್ದರು. ಮಾತನಾಡಲು ಎದ್ದು ನಿಂತರು, ಮಾತು ಹೊರಡದೆ ಕುಳಿತುಬಿಟ್ಟರು. ನನ್ನ ಮಗ ಆ ದಿನದ ಬಗ್ಗೆ ನನ್ನ ಜೊತೆ ಒಮ್ಮೆ ಮಾತ್ರ ಮಾತನಾಡಿದ್ದಾನೆ, "ಅಮ್ಮ, ಅವರು ನಿನ್ನ ಹಾಗೆಯೇ ಸೆರಗು ಹಿಡಿದುಕೊಂಡಂತೆ ಶಾಲು ಹಿಡಿದುಕೊಂಡಿದ್ದರು" ಎಂದು. ಅವರಿಗೆ ಬರೆದ ಪತ್ರವೊಂದು ಅವನ ಕೋಣೆಯಲ್ಲಿದೆ. ಕಳುಹಿಸಬಹುದೋ ಬಾರದೋ ತಿಳಿಯದೆ ಇಟ್ಟುಕೊಂಡಿದ್ದಾನೆ.

ತಕ್ಕಡಿ

26 ತಿಂಗಳು ಅವನೇ ದುಡಿದು ಕಟ್ಟಿದ ಎಂಬುದು ನನಗೆ ಮುಖ್ಯ. ಅದನ್ನು ನ್ಯಾಯಾಧೀಶರಿಗೆ ಕಾಣುವಂತೆ ಇಡಿ. ನನ್ನ ಅಂಗಡಿಗೆ ನುಗ್ಗಿದವರು ಒಂದು ಡಾಲರ್ ಕೊಟ್ಟಿಲ್ಲ.

ಶರಾವತಿ

ರಸೀದಿಗಳನ್ನೆಲ್ಲ ಅರ್ಜಿಗೆ ಲಗತ್ತಿಸಿ ಅಕ್ಕ. ಆ ಪತ್ರವನ್ನು ಮಾತ್ರ ನೇರವಾಗಿ ಆ ದಂಪತಿಗೆ ಕಳುಹಿಸಬೇಡಿ. ನೊಂದವರ ಮನೆಗೆ ಅಚಾನಕ್ಕಾಗಿ ಪತ್ರ ಹೋದರೆ ಅವರು ಹೆದರಬಹುದು. ವಕೀಲರ ಮೂಲಕ ಡಿಸ್ಟ್ರಿಕ್ಟ್ ಅಟಾರ್ನಿ (ಮೊಕದ್ದಮೆ ನಡೆಸುವ ಸರ್ಕಾರಿ ವಕೀಲರ) ಕಚೇರಿಗೆ ತಲುಪಿಸಿ. ಆ ದಂಪತಿಗೆ ಬೇಕೆನಿಸಿದರೆ ಓದಲಿ.

ಸ್ಯಾಕ್ರಮೆಂಟೊ ವಾಸಿ

ಅಮ್ಮ, ನಾನು ಇನ್ನೊಂದು ದಡದಿಂದ ಬರೆಯುತ್ತಿದ್ದೇನೆ. 2006ರಲ್ಲಿ ನನಗೆ 20. ಬೇರೆಯವರ ಕಾರಿನಲ್ಲಿ, ಬೇರೆಯವರ ಕ್ರೆಡಿಟ್ ಕಾರ್ಡ್ ಜೇಬಿನಲ್ಲಿಟ್ಟುಕೊಂಡು ಸಿಕ್ಕಿಬಿದ್ದೆ. ಫೆಲನಿ. ನಾನು ಇಲ್ಲೇ ಹುಟ್ಟಿದವನು, ಆದ್ದರಿಂದ ವಲಸೆಯ ತೊಂದರೆ ಇರಲಿಲ್ಲ. ಉಳಿದದ್ದೆಲ್ಲ ಇತ್ತು. ನಮ್ಮ ತಂದೆ ಮೂರು ವರ್ಷ ನನ್ನ ಜೊತೆ ಮಾತನಾಡಲಿಲ್ಲ, ಊಟಕ್ಕೆ ಮಾತ್ರ ಕರೆಯುತ್ತಿದ್ದರು. ಈಗ ನಾನು ವಿದ್ಯುತ್ ಕೆಲಸದ ಗುತ್ತಿಗೆದಾರ. ನನ್ನ ಕೈಕೆಳಗೆ ಐವರು ಇದ್ದಾರೆ.

ನಾನು ಕಲಿತದ್ದನ್ನು ಹೇಳುತ್ತೇನೆ. ಯಾವ ಅರ್ಜಿಗೂ ಮೊದಲು ನಿಮ್ಮ ಮಗ ತನ್ನ ದಾಖಲೆಯನ್ನು ತಾನೇ ತರಿಸಿಕೊಂಡು ಓದಲಿ. ರಾಜ್ಯದ ನ್ಯಾಯ ಇಲಾಖೆ ಬೆರಳಚ್ಚು ಕೊಟ್ಟವರಿಗೆ ಅವರ ದಾಖಲೆಯ ಪ್ರತಿ ಕೊಡುತ್ತದೆ, 25 ಡಾಲರ್, ಬೆರಳಚ್ಚು ತೆಗೆಯುವವರ ಕೂಲಿ ಬೇರೆ. ಎಫ್‌ಬಿಐ ದಾಖಲೆಗೆ 18 ಡಾಲರ್. ನನ್ನ ದಾಖಲೆಯಲ್ಲಿ ಬೇರೊಬ್ಬರ ಬಂಧನವೊಂದು ಸೇರಿಕೊಂಡಿತ್ತು. ಎಂಟು ವರ್ಷ ಅದೂ ನನ್ನ ಹೆಸರಿನಲ್ಲೇ ಓಡಾಡಿದೆ, ನನಗೆ ಗೊತ್ತೇ ಇರಲಿಲ್ಲ.

ಎರಡನೆಯದು, ಪ್ರಕರಣ ವಜಾ ಆದ ಮಾರನೆಯ ದಿನವೇ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಹಿನ್ನೆಲೆ ಪರಿಶೀಲಿಸುವ ಕಂಪನಿಗಳು ಹಳೆಯ ಮಾಹಿತಿಯನ್ನು ಕೊಂಡು ಇಟ್ಟುಕೊಂಡಿರುತ್ತವೆ. ನನಗೆ ಆದೇಶ ಸಿಕ್ಕಿ ಏಳು ತಿಂಗಳಾದ ಮೇಲೂ ಒಂದು ಕಂಪನಿ ನನ್ನನ್ನು ಫೆಲನಿಯವನು ಎಂದೇ ವರದಿ ಕೊಟ್ಟಿತು. ಆದೇಶದ ಪ್ರತಿ ಲಗತ್ತಿಸಿ ಲಿಖಿತವಾಗಿ ತಕರಾರು ಹಾಕಿದೆ. ತಕರಾರು ಬಂದರೆ 30 ದಿನದೊಳಗೆ ಮರುಪರಿಶೀಲನೆ ಮಾಡಬೇಕು ಎಂದು ಕೇಂದ್ರದ ಕಾನೂನೇ ಇದೆ. ಸರಿಪಡಿಸಿದರು. ದೃಢೀಕೃತ ಪ್ರತಿಗಳನ್ನು ಕಡಿಮೆಯೆಂದರೂ ಐದು ಮಾಡಿಸಿ.

ಕೆಲಸದ ಬಗ್ಗೆ ಹೇಳುವುದಾದರೆ, 2018ರ ಜನವರಿಯಿಂದ ಈ ರಾಜ್ಯದಲ್ಲಿ ಐದು ಅಥವಾ ಹೆಚ್ಚು ನೌಕರರಿರುವ ಬಹುತೇಕ ಮಾಲೀಕರು ಕೆಲಸ ಕೊಡುತ್ತೇವೆ ಎಂದು ಹೇಳುವ ಮೊದಲು ಹಳೆಯ ಶಿಕ್ಷೆಯ ಬಗ್ಗೆ ಕೇಳುವಂತಿಲ್ಲ. ಹೇಳಿದ ಮೇಲೆ ಹಿಂದೆ ಸರಿಯುವುದಾದರೆ ಕಾರಣವನ್ನು ಬರೆದು ಕೊಟ್ಟು, ಉತ್ತರಿಸಲು ಸಮಯ ಕೊಡಬೇಕು. ನಿಮ್ಮ ಮಗನ ಕೈಯಿಂದ ಜಾರಿದ ಆ ಎರಡು ಕೆಲಸಗಳಲ್ಲಿ ಅಂಥ ಪತ್ರ ಬಂದಿತ್ತೇ ಎಂದು ಕೇಳಿ ನೋಡಿ. ಪರವಾನಗಿ ಬೇಕಾದ ಕಸುಬುಗಳಿಗೂ ಈಗ ದಾರಿ ಸುಗಮವಾಗಿದೆ. 1203.4ರ ಅಡಿ ವಜಾ ಆದ ಪ್ರಕರಣವನ್ನೇ ಕಾರಣವಾಗಿಟ್ಟು ಪರವಾನಗಿ ನಿರಾಕರಿಸಲು 2020ರ ಜುಲೈನಿಂದ ಬಹುತೇಕ ಮಂಡಳಿಗಳಿಗೆ ಅಧಿಕಾರವಿಲ್ಲ. ಬ್ಯಾಂಕ್ ಕೆಲಸಕ್ಕೂ 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಕಾನೂನು ತಿದ್ದುಪಡಿಯಾಯಿತು. ಅಪರಾಧ ನಡೆದಾಗ 21 ಅಥವಾ ಅದಕ್ಕಿಂತ ಕಡಿಮೆ ವಯಸ್ಸಾಗಿದ್ದು, ಶಿಕ್ಷೆ ವಿಧಿಸಿ 30 ತಿಂಗಳು ಕಳೆದಿದ್ದರೆ ಹಿಂದಿನ ನಿಷೇಧ ಅನ್ವಯಿಸದು. ಹತ್ತೊಂಬತ್ತು ವರ್ಷದವನ ಬುದ್ಧಿ ಬೇರೆ, ಮೂವತ್ತರವನ ಬುದ್ಧಿ ಬೇರೆ ಎಂದು ಕೊನೆಗೂ ಯಾರೋ ಕಾನೂನಿನಲ್ಲೇ ಬರೆದರಲ್ಲ ಎಂದು ಅದನ್ನು ಓದಿದ ದಿನ ನನಗೆ ಕಣ್ಣು ತುಂಬಿ ಬಂದಿತ್ತು.

ಇನ್ನೊಂದು ಮಾತು. ಅಜ್ಜಿಗೆ ಹೇಳಿ ಅಮ್ಮ. ನಮ್ಮ ಮನೆಯಲ್ಲಿ ಮುಚ್ಚಿಟ್ಟದ್ದರಿಂದ ಆದ ಗಾಯ ಜೈಲಿನಿಂದಲೂ ಆಗಲಿಲ್ಲ.

ತುಮಕೂರಿನವನು

ವಿಷಯ ಅಮೆರಿಕದ್ದು ಎಂದು ಗೊತ್ತಿದೆ, ಆದರೂ ಕೇಳುತ್ತಿದ್ದೇನೆ. ನನ್ನ ತಮ್ಮ 19ರಲ್ಲಿ ಜಾತ್ರೆಯ ಗಲಾಟೆಯಲ್ಲಿ ಒಬ್ಬನ ಕೈ ಮುರಿದ. ತಪ್ಪಿತಸ್ಥ ಎಂದು ತೀರ್ಪಾಯಿತು, ಆದರೆ ಜೈಲಿಗೆ ಕಳುಹಿಸದೆ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಈಗ ಸರ್ಕಾರಿ ನೌಕರಿಯ ಅರ್ಜಿಯಲ್ಲಿ, "ಎಂದಾದರೂ ಶಿಕ್ಷೆಗೆ ಗುರಿಯಾಗಿದ್ದೀರಾ?" ಎಂಬ ಪ್ರಶ್ನೆಯಿದೆ. "ಇಲ್ಲ" ಎಂದು ಬರೆಯಬಹುದೇ? ನಮ್ಮಲ್ಲಿ ದಾಖಲೆ ತೆಗೆಸುವ ಕಾನೂನಿದೆಯೇ?

ಮಲೆನಾಡಿನ ವಕೀಲ

"ಇಲ್ಲ" ಎಂದು ಬರೆಯಬೇಡಿ. ನಿಮ್ಮ ತಮ್ಮನನ್ನು ಬಿಟ್ಟಿರುವುದು 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮದ ಅಡಿಯಲ್ಲಿ ಇರಬೇಕು. ಅದರ 12ನೇ ಕಲಮಿನ ಪ್ರಕಾರ, ಹಾಗೆ ಬಿಡುಗಡೆಯಾದವರಿಗೆ ಶಿಕ್ಷೆಯ ಕಾರಣದಿಂದ ಬೇರೆ ಕಾನೂನುಗಳಲ್ಲಿ ಬರುವ ಅನರ್ಹತೆ ತಟ್ಟುವುದಿಲ್ಲ. ಆದರೆ ತಪ್ಪಿತಸ್ಥ ಎಂಬ ತೀರ್ಪು ಅಳಿಯುವುದಿಲ್ಲ, ಇಲಾಖೆ ಅವನ ನಡತೆಯನ್ನು ತೂಗಿ ನೋಡಬಹುದು. ಮುಚ್ಚಿಟ್ಟರೆ ಮಾತ್ರ ಉಳಿಗಾಲವಿಲ್ಲ. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ಹೇಳಿದೆ: ಅರ್ಜಿಯಲ್ಲಿ ಕೊಡುವ ಮಾಹಿತಿ ಸತ್ಯವಾಗಿರಬೇಕು, ಚಿಕ್ಕ ವಯಸ್ಸಿನ ಕ್ಷುಲ್ಲಕ ಪ್ರಕರಣವಾದರೆ ಮಾಲೀಕರು ಅದನ್ನು ಮನ್ನಿಸಬಹುದು. ಅದಕ್ಕೂ ಮೊದಲು, 2011ರಲ್ಲಿ ದೆಹಲಿ ಪೊಲೀಸ್ ನೇಮಕಾತಿಯ ಸಂದೀಪ್ ಕುಮಾರ್ ಪ್ರಕರಣದಲ್ಲಿ ಇದೇ ನ್ಯಾಯಾಲಯ ಹರೆಯದವರ ತಪ್ಪನ್ನು ಜೀವಮಾನದ ಕಳಂಕ ಮಾಡಬಾರದು ಎಂಬ ಧಾಟಿಯಲ್ಲಿ ತೀರ್ಪು ಕೊಟ್ಟಿತ್ತು.

18 ತುಂಬದವರಿಗೆ ಮಾತ್ರ ನಮ್ಮಲ್ಲಿ ನಿಜವಾದ ಹೊಸ ಬಾಳಿನ ಅವಕಾಶವಿದೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮು ಅನರ್ಹತೆಯನ್ನೂ ತೆಗೆಯುತ್ತದೆ, ದಾಖಲೆಯನ್ನು ನಾಶಪಡಿಸಲೂ ಹೇಳುತ್ತದೆ. 16 ದಾಟಿದವರು ಘೋರ ಅಪರಾಧದಲ್ಲಿ ಸಿಕ್ಕಿ, ವಯಸ್ಕರಂತೆ ವಿಚಾರಣೆಗೆ ಒಳಗಾಗಿದ್ದರೆ ಆ ರಕ್ಷಣೆ ಸಿಗದು. 18 ದಾಟಿ ಒಂದು ದಿನವಾಗಿದ್ದರೂ ಕ್ಯಾಲಿಫೋರ್ನಿಯಾದ ಹಾಗೆ ಅರ್ಜಿ ಹಾಕಿ ಹಳೆಯ ಶಿಕ್ಷೆಯನ್ನು ವಜಾ ಮಾಡಿಸುವ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿಲ್ಲ. ಇಪ್ಪತ್ತೆರಡು ವರ್ಷಗಳ ವಕೀಲಿಕೆಯಲ್ಲಿ ಈ ಕೊರತೆ ನನ್ನನ್ನು ಕಾಡಿದಷ್ಟು ಇನ್ನೊಂದು ಕಾಡಿಲ್ಲ. ಇದಕ್ಕೊಂದು ಕಾನೂನು ಬರಲೇಬೇಕು.

ಹೇಮಾವತಿ ಅಮ್ಮನವರೇ, ನಿಮ್ಮ ಮಗನ ಪಾಸ್‌ಪೋರ್ಟ್ ಭಾರತದ್ದು ಎಂದಿರಿ. ಅದರ ಚಿಂತೆ ಬೇಡ. 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಶಿಕ್ಷೆಯ ಕಾರಣಕ್ಕೆ ನಿರಾಕರಿಸುವ ನಿಯಮವಿರುವುದು ಭಾರತದ ನ್ಯಾಯಾಲಯ ಕಳೆದ ಐದು ವರ್ಷದಲ್ಲಿ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ ವಿಧಿಸಿದ್ದರೆ. ಅವನದು ಅದಲ್ಲ.

ಎಡಿಸನ್‌ನ ಗೌರಿ

ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮೈದುನನದೂ ಹೆಚ್ಚುಕಡಿಮೆ ಇದೇ ಕಥೆ. ಇಲ್ಲಿಯೂ 17(ಬಿ) ಇದೆಯೇ?

ಶರಾವತಿ

ಇಲ್ಲ ಗೌರಿ. ಒಂದೊಂದು ರಾಜ್ಯಕ್ಕೆ ಒಂದೊಂದು ದಾರಿ. ನ್ಯೂಜೆರ್ಸಿಯಲ್ಲಿ ದಾಖಲೆ ತೆಗೆಸುವ ಬೇರೆಯೇ ಕಾನೂನಿದೆ. 2019ರಲ್ಲಿ ಸಹಿಯಾದ ತಿದ್ದುಪಡಿಯಿಂದ, ಹತ್ತು ವರ್ಷ ಶುದ್ಧವಾಗಿದ್ದವರು ಒಂದಕ್ಕಿಂತ ಹೆಚ್ಚು ಪ್ರಕರಣಗಳಿದ್ದರೂ ಕೇಳಬಹುದಾಯಿತು. ಪಕ್ಕದ ಪೆನ್ಸಿಲ್ವೇನಿಯಾ 2018ರಲ್ಲೇ ಹಳೆಯ ದಾಖಲೆಗೆ ತಾನಾಗಿ ಮುದ್ರೆ ಹಾಕಿ ಮುಚ್ಚುವ ಕಾನೂನು ತಂದಿತು, ದೇಶದಲ್ಲಿ ಮೊದಲು. ನ್ಯೂಯಾರ್ಕಿನ ಕಾನೂನು 2024ರ ನವೆಂಬರ್‌ನಲ್ಲಿ ಜಾರಿಗೆ ಬಂತು, ಅಲ್ಲಿ ಫೆಲನಿಗೆ ಎಂಟು ವರ್ಷ ಕಾಯಬೇಕು. ಕೇಂದ್ರ ನ್ಯಾಯಾಲಯದ ಶಿಕ್ಷೆಯಾಗಿದ್ದರೆ ಇಂಥ ದಾರಿ ಇಲ್ಲವೇ ಇಲ್ಲ ಎನ್ನುವಷ್ಟು ಕಿರಿದು. ಮೈದುನ ಪ್ರಜೆಯೇ ಅಲ್ಲವೇ ಎಂಬುದನ್ನು ಮೊದಲು ಹೇಳಿ, ಬೇರೆ ಎಳೆಯಲ್ಲಿ ಬರೆಯಿರಿ.

ನಿರ್ವಾಹಕ

ಎಲ್ಲರಲ್ಲೂ ವಿನಂತಿ. ಪ್ರಕರಣದ ಸಂಖ್ಯೆ, ಹೆಸರು, ನ್ಯಾಯಾಲಯದ ಕಾಗದದ ಚಿತ್ರ ಯಾವುದನ್ನೂ ಇಲ್ಲಿ ಹಾಕಬೇಡಿ. ಇಬ್ಬರು ಹಾಕಿದ್ದರು, ತೆಗೆದಿದ್ದೇನೆ.

ಹೇಮಾವತಿ ದಂಡೆ (ಮೂರು ವಾರದ ನಂತರ)

ವಕೀಲರನ್ನು ಕಂಡೆವು. ಕೌಂಟಿಯ ಪಬ್ಲಿಕ್ ಡಿಫೆಂಡರ್ (ಆರೋಪಿಗಳ ಪರ ವಾದಿಸುವ ಸರ್ಕಾರಿ ವಕೀಲರ) ಕಚೇರಿಯಲ್ಲಿ ಇಂಥ ಅರ್ಜಿಗಳಿಗೆಂದೇ ಒಂದು ವಿಭಾಗವಿದೆ ಎಂದು ಇಲ್ಲೇ ಒಬ್ಬರು ಖಾಸಗಿಯಾಗಿ ತಿಳಿಸಿದರು, ಅಲ್ಲಿಗೆ ಹೋದೆವು. ವಲಸೆಯ ಲೆಕ್ಕಕ್ಕೆ ಬೇರೊಬ್ಬರು ವಕೀಲೆಯನ್ನು ಗೊತ್ತುಮಾಡಿಕೊಂಡೆವು.

ಆಕೆ ಮೊದಲು ಕೇಳಿದ್ದು ನಾವು ಅಮೆರಿಕಕ್ಕೆ ಎಷ್ಟು ಸಲ ಬಂದೆವು ಎಂದು. ನನಗೆ ಆಶ್ಚರ್ಯವಾಯಿತು. ಪ್ರವೇಶವಾಗಿ ಐದು ವರ್ಷದೊಳಗೆ ಇಂಥ ಅಪರಾಧ ಮಾಡಿದ್ದರೆ ಗಡೀಪಾರಿಗೆ ಅದೊಂದೇ ಸಾಕಂತೆ, ಯಾವ ಪ್ರವೇಶದಿಂದ ಎಣಿಸಬೇಕು ಎಂಬುದೇ ದೊಡ್ಡ ವಾದವಂತೆ. 2006ರಲ್ಲಿ ತಂಗಿಯ ಮದುವೆಗೆ ಊರಿಗೆ ಹೋಗಿ ಆಗಸ್ಟ್‌ನಲ್ಲಿ ಹಿಂದಿರುಗಿದ್ದೆವು. ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ. ಆಕೆಯ ಪ್ರಕಾರ ಎಣಿಸಬೇಕಾದದ್ದು ಆ ದಿನದಿಂದ, 2010ರಲ್ಲಿ ಗ್ರೀನ್ ಕಾರ್ಡಿನಲ್ಲಿ ಹಿಂದಿರುಗಿದ್ದು ಹೊಸ ಪ್ರವೇಶವಲ್ಲವಂತೆ. ಹಳೆಯ ಪಾಸ್‌ಪೋರ್ಟ್ ತೆಗೆದು ಮುದ್ರೆ ನೋಡಿದೆವು. ಆಗಸ್ಟ್ 2006ರಿಂದ ಅಕ್ಟೋಬರ್ 2011ಕ್ಕೆ ಐದು ವರ್ಷ, ಎರಡು ತಿಂಗಳು. ಆಕೆ ಕನ್ನಡಕ ತೆಗೆದಿಟ್ಟು, ಕುರ್ಚಿಗೆ ಒರಗಿ ಕುಳಿತರು. ಎರಡು ತಿಂಗಳ ಅಂತರದಲ್ಲಿ ನನ್ನ ಮಗ ಉಳಿದುಕೊಂಡಿದ್ದಾನೆ ಎಂಬುದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಇನ್ನೊಂದನ್ನೂ ಕೇಳಿದರು: ತಪ್ಪೊಪ್ಪಿಕೊಳ್ಳುವ ಮೊದಲು ವಲಸೆಯ ಪರಿಣಾಮದ ಬಗ್ಗೆ ಅಂದಿನ ವಕೀಲರು ಹೇಳಿದ್ದರೇ ಎಂದು. ಒಂದು ಮಾತೂ ಹೇಳಿರಲಿಲ್ಲ. ಹಾಗೆ ಹೇಳುವುದು ವಕೀಲರ ಕರ್ತವ್ಯ ಎಂದು 2010ರಲ್ಲೇ ಇಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತಂತೆ. ಆ ಕಾರಣ ತೋರಿಸಿ ತೀರ್ಪನ್ನೇ ರದ್ದು ಮಾಡಿಸಲು 2017ರಿಂದ 1473.7 ಎಂಬ ಕಲಮು ಈ ರಾಜ್ಯದಲ್ಲಿದೆ. ಅದನ್ನು ಸದ್ಯಕ್ಕೆ ಕೈಯಲ್ಲಿಟ್ಟುಕೊಳ್ಳೋಣ, ಮೊದಲು 17(ಬಿ) ಕೇಳೋಣ ಎಂದರು.

ಡಿಸೆಂಬರ್ ಪ್ರಯಾಣ ಬಿಟ್ಟೆವು.

ಹೇಮಾವತಿ ದಂಡೆ (ನಾಲ್ಕು ತಿಂಗಳ ನಂತರ)

ಆದೇಶವಾಯಿತು. ವಿಚಾರಣೆ ಹನ್ನೆರಡು ನಿಮಿಷವೂ ನಡೆಯಲಿಲ್ಲ. ಡಿಸ್ಟ್ರಿಕ್ಟ್ ಅಟಾರ್ನಿ ಕಡೆಯವರು ಆಕ್ಷೇಪಿಸಲಿಲ್ಲ. ನ್ಯಾಯಾಧೀಶರು ರಸೀದಿಗಳ ಕಟ್ಟನ್ನು ಒಂದೊಂದಾಗಿ ತಿರುವಿ ನೋಡಿದರು. ತಕ್ಕಡಿ ಅವರೇ, ನೀವು ಹೇಳಿದಂತೆ ಅದನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೆವು. 17(ಬಿ) ಪ್ರಕಾರ ಮಿಸ್ಡಿಮೀನರ್‌ಗೆ ಇಳಿಸಿ, ಅದೇ ಉಸಿರಿನಲ್ಲಿ 1203.4ರ ಅಡಿ ವಜಾ ಮಾಡಿದರು. ಮಗ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಕೊಂಡ. ಯಜಮಾನರು ಪಕ್ಕದಲ್ಲಿ ಕುಳಿತರು. ಇಬ್ಬರೂ ಏನೂ ಮಾತನಾಡಲಿಲ್ಲ, ನಾನು ಕಾರಿನ ಹತ್ತಿರ ನಿಂತು ನೋಡುತ್ತಿದ್ದೆ.

ಪತ್ರವನ್ನು ವಕೀಲರ ಮೂಲಕವೇ ಕೊಟ್ಟೆವು. ಆ ದಂಪತಿ ಅಂಗಡಿ ಮಾರಿ ಬೇರೆ ಊರಿಗೆ ಹೋಗಿದ್ದಾರಂತೆ. ಪತ್ರ ತಲುಪಿತೋ ಇಲ್ಲವೋ ತಿಳಿಯದು.

ಅಮ್ಮನಿಗೆ ಹೇಳಿದೆವು. ಮಗನೇ ಹೇಳಿದ, ಫೋನಿನಲ್ಲಿ, ಅವನ ಅರ್ಧ ಮರೆತ ಕನ್ನಡದಲ್ಲಿ. ಅಮ್ಮ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮ ತೋಟದಲ್ಲಿ ಕಾಳುಮೆಣಸು ಕದ್ದು ಸಿಕ್ಕಿಬಿದ್ದ ಹುಡುಗನನ್ನು ಮಾರನೆಯ ವರ್ಷ ನಾನೇ ಕೊಯ್ಲಿಗೆ ಕರೆದಿದ್ದೆ. ನಿಮ್ಮ ಅಮ್ಮನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ನನ್ನ ಹತ್ತಿರ ಹದಿನಾಲ್ಕು ವರ್ಷ ಮುಚ್ಚಿಟ್ಟಳಲ್ಲ" ಎಂದರು. ಅವರಿಗೆ ಸಿಟ್ಟು ಬಂದಿರುವುದು ನನ್ನ ಮೇಲೆ. ಅದನ್ನು ನಾನು ಹೊತ್ತುಕೊಳ್ಳುತ್ತೇನೆ.

ವಲಸೆಯ ವಕೀಲೆ ಈಗ ಹೋಗಿಬರಬಹುದು ಎಂದಿದ್ದಾರೆ. ಹಿಂದಿರುಗುವಾಗ ಅಧಿಕಾರಿ ಪಕ್ಕದ ಕೋಣೆಗೆ ಕರೆದು ಗಂಟೆಗಟ್ಟಲೆ ಕೂರಿಸಬಹುದು, ಗಾಬರಿಯಾಗಬೇಡ, ಕೇಳಿದ್ದಕ್ಕೆ ಸತ್ಯವನ್ನೇ ಹೇಳು, ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಡ ಎಂದು ಬರೆದೇ ಕೊಟ್ಟಿದ್ದಾರೆ. ಕಾನೂನಿನ ವಿವರಣೆಯ ಪತ್ರವೊಂದನ್ನೂ ಜೊತೆಗಿಟ್ಟಿದ್ದಾರೆ.

ಸ್ಯಾಕ್ರಮೆಂಟೊ ವಾಸಿ

ಅಮ್ಮ, ಓದಿ ಹೆಂಡತಿಗೂ ಓದಿ ಹೇಳಿದೆ. ನಿಮ್ಮ ಮಗನಿಗೆ ವಿದ್ಯುತ್ ಕೆಲಸದಲ್ಲಿ ಆಸಕ್ತಿಯಿದ್ದರೆ ನನಗೆ ಖಾಸಗಿಯಾಗಿ ಬರೆಯಲು ಹೇಳಿ.

ತಕ್ಕಡಿ

ಹೋಗಿಬರಲಿ.

ಶರಾವತಿ

ಅಕ್ಕ, ದೃಢೀಕೃತ ಪ್ರತಿಗಳನ್ನು ಸಾಮಾನಿನ ಪೆಟ್ಟಿಗೆಯಲ್ಲಿ ಹಾಕಬೇಡಿ. ಪೆಟ್ಟಿಗೆ ಕೈಗೆ ಸಿಗುವುದು ತಪಾಸಣೆಯ ಮೇಜು ದಾಟಿದ ಮೇಲೆ. ಕೈಚೀಲದಲ್ಲಿ, ಪಾಸ್‌ಪೋರ್ಟಿನ ಜೊತೆಗೇ ಇರಲಿ. ವಕೀಲರ ಫೋನ್ ಸಂಖ್ಯೆಯನ್ನು ಮೊಬೈಲಿನಲ್ಲಷ್ಟೇ ಅಲ್ಲ, ಕಾಗದದ ಮೇಲೂ ಬರೆದುಕೊಡಿ.

ಹೇಮಾವತಿ ದಂಡೆ

ಬರೆದುಕೊಟ್ಟಿದ್ದೇನೆ. ಒಂದು ಕಟ್ಟು ಅವನ ಕೈಚೀಲದಲ್ಲಿ, ಇನ್ನೊಂದು ನನ್ನ ಬಳಿ. ಫೆಬ್ರುವರಿ 11ಕ್ಕೆ ಹೊರಡುತ್ತಾನೆ, ಮಾರ್ಚ್ 2ಕ್ಕೆ ಹಿಂದಿರುಗುತ್ತಾನೆ. ಅಮ್ಮ ಈಗಲೇ ಅಕ್ಕಿ ರೊಟ್ಟಿಗೆ ಯಾವ ಚಟ್ನಿ ಎಂದು ಮನೆಯವರನ್ನೆಲ್ಲ ಕೇಳುತ್ತಿದ್ದಾರಂತೆ. ಅವನು ಮಾರ್ಚ್ 2ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೊರಗೆ ಬಂದ ಮೇಲೆ ಇಲ್ಲಿ ಬರೆಯುತ್ತೇನೆ.